ಹಳೆಯ ಮಾರುತಿಯ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತು ನಮ್ಮ ಉಡುಪಿ ಜಿಲ್ಲೆಯವರ ಕಿವಿಗೆ ಹೊಸದಲ್ಲ. ಊರೂರಿನಲ್ಲಿ ದೇವಸ್ಥಾನಗಳೂ ಗರಡಿಗಳೂ ದೈವದ ಗುಡಿಗಳೂ ಜೀರ್ಣೋದ್ಧಾರಗೊಳ್ಳುತ್ತಲೇ ಇರುತ್ತವೆ. ರಶೀದಿ ಪುಸ್ತಕ ಹಿಡಿದು ಮನೆಬಾಗಿಲಿಗೆ ಬರುವವರನ್ನು ಕಾಣದ ವರ್ಷವಿಲ್ಲ. ಆದರೆ ಮೋಟಾರು ಕಾರಿಗೂ ಜೀರ್ಣೋದ್ಧಾರವುಂಟೆಂದರೆ ನಗುವವರೇ ಹೆಚ್ಚು. ಹಳೆಯ ಕಾರೆಂದರೆ ಗುಜರಿಗೆ ಹೋಗತಕ್ಕ ವಸ್ತುವೆಂದು ನಾನೂ ತಿಳಿದಿದ್ದೆ. 2025ರ ಬೇಸಗೆಯ ರಜೆಯಲ್ಲಿಯೂ, ಆಮೇಲೆ ಮಳೆಗಾಲದ ಆದಿತ್ಯವಾರಗಳಲ್ಲಿಯೂ, ಕಾಪುವಿನ ಹೆದ್ದಾರಿಯ ಬದಿಯಲ್ಲಿ ನನ್ನ ಸೋದರಮಾವ ನಡೆಸುವ ಟಿಂಕರಿಂಗ್ ಶೆಡ್ಡಿನಲ್ಲಿ ಒಂದು ಹಳೆಯ ಮಾರುತಿ 800 ಕಾರಿನ ಕೆಲಸಕ್ಕೆ ಕೈಯಾಳಾಗಿ ನಿಂತ ಮೇಲೆ ಆ ತಿಳಿವಳಿಕೆ ಬದಲಾಯಿತು.

ಯಂತ್ರವಿದ್ಯೆ ನನ್ನ ವಿಷಯವಲ್ಲ. ನಾನು ಅಂತಿಮ ಬಿ.ಎ. ತರಗತಿಯ ಇತಿಹಾಸದ ವಿದ್ಯಾರ್ಥಿ. ಕಣ್ಣಾರೆ ಕಂಡುದನ್ನೂ ಕೈಯಾರೆ ಮಾಡಿದುದನ್ನೂ, ಅಲ್ಲಲ್ಲಿ ಓದಿ ತಿಳಿದುದನ್ನೂ ಸೇರಿಸಿ ಬರೆದಿದ್ದೇನೆ. ತಪ್ಪಿದ್ದರೆ ಬಲ್ಲವರು ತಿದ್ದಬೇಕಾಗಿ ವಿನಂತಿ.

ಜಪಾನಿನ ಹಳೆಯ ಕಾರು ಎಂದೊಡನೆ ಹೊರಜಗತ್ತಿನ ಶೋಕಿಗಾರರ ಕಣ್ಣಮುಂದೆ ಬರುವುದು 1967ರ ಟೊಯೊಟಾ 2000 ಜಿ.ಟಿ., 1969ರ ನಿಸ್ಸಾನ್ ಸ್ಕೈಲೈನ್ ಜಿ.ಟಿ.ಆರ್., ಅದೇ ವರ್ಷ ಹೊರಬಂದ ಡಾಟ್ಸನ್ 240 ಜೆಡ್ ಮೊದಲಾದುವು. ಇಂಥ ಹಳೆಯ ಕಾರುಗಳನ್ನು ಜಪಾನೀಯರು 'ಕ್ಯೂಷ' ಎನ್ನುತ್ತಾರೆ. ಅವನ್ನು ಕೊಂಡು, ಬಿಚ್ಚಿ, ಮೊದಲಿನಂತೆ ಮಾಡುವವರು ಒಂದು ಪಂಗಡ. ಎಂಜಿನು ಬದಲಿಸಿ, ಮೈ ತಗ್ಗಿಸಿ, ಅಗಲವಾದ ಚಕ್ರ ತೊಡಿಸಿ ತಮ್ಮ ಮನಸ್ಸಿನಂತೆ ಮಾರ್ಪಡಿಸುವವರು ಇನ್ನೊಂದು ಪಂಗಡ. ಎರಡು ಪಂಗಡದವರಿಗೂ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಅಷ್ಟಕ್ಕಷ್ಟೆ. ನಮ್ಮ ಕರಾವಳಿಯಲ್ಲಿ ಆ ಡಾಟ್ಸನ್ನುಗಳನ್ನು ಹುಡುಕಿ ಫಲವಿಲ್ಲ. ವಿದೇಶದ ಕಾರು ತರಿಸುವುದು ಸಾಮಾನ್ಯರ ಕನಸಿಗೂ ಎಟುಕದಿದ್ದ ಆ ದಿನಗಳಲ್ಲಿ ನಮ್ಮ ರಸ್ತೆಗಳಲ್ಲಿ ಓಡಿದುದು ಅಂಬಾಸಡರು ಮತ್ತು ಫಿಯೆಟ್ಟು. ನಮ್ಮಲ್ಲಿ ಮನೆಮನೆಯ ಅಂಗಳಕ್ಕೆ ಬಂದ ಮೊದಲ ಜಪಾನೀ ಹುಟ್ಟಿನ ಕಾರೆಂದರೆ ಮಾರುತಿಯೇ. ಆದುದರಿಂದ ನಮ್ಮ 'ಕ್ಯೂಷ' ಅದೇ.

ಮಾರುತಿಯ ವಂಶಾವಳಿ ಸ್ವಾರಸ್ಯವಾಗಿದೆ. ಸುಜುಕಿಯೆಂಬುದು ಮೊದಲಿಗೆ ಕಾರಿನ ಕಂಪೆನಿಯಲ್ಲ. 1909ರಲ್ಲಿ ಮಿಚಿಯೋ ಸುಜುಕಿ ಎಂಬಾತ ಹಮಾಮಾತ್ಸುವಿನಲ್ಲಿ ತೊಡಗಿದುದು ಮಗ್ಗ ಮಾಡುವ ಕಾರ್ಖಾನೆಯನ್ನು. ಕೈಮಗ್ಗದ ಸೀರೆಗೆ ಹೆಸರಾದ ಉಡುಪಿಯವರಾದ ನಮಗೆ ಈ ಸಂಗತಿ ಹಿತವಾಗಬೇಕು. ಯುದ್ಧಾನಂತರದ ಬಡ ಜಪಾನಿನಲ್ಲಿ ಸಾಮಾನ್ಯನ ಕೈಗೆಟುಕುವಂತೆ 'ಕೇ' ಎಂಬ ಪುಟ್ಟ ಕಾರುಗಳ ವರ್ಗವೊಂದನ್ನು ಸರಕಾರ ಏರ್ಪಡಿಸಿ, ಎಂಜಿನಿನ ಗಾತ್ರಕ್ಕೆ ಮಿತಿ ಹಾಕಿ, ತೆರಿಗೆ ತಗ್ಗಿಸಿತು. 1955ರಲ್ಲಿ ಸುಜುಕಿಯವರು ಹೊರತಂದ ಸುಜುಲೈಟ್ 360 ಸಿ.ಸಿ.ಯದು. 1976ರಲ್ಲಿ ಮಿತಿ 550 ಸಿ.ಸಿ.ಗೆ ಏರಿತು. ಆ ಅಳತೆಗೆ ಹೊಲಿದ ಆಲ್ಟೊ, ಫ್ರಾಂಟೆ ಕಾರುಗಳ ಮೈಯೊಳಗೇ 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನನ್ನು ಕೂರಿಸಿ ಪರದೇಶಗಳಿಗೆ ಕಳುಹಿಸುತ್ತಿದ್ದರು. ಅದೇ ನಮ್ಮ ಮಾರುತಿ 800. 1981ರ ಫೆಬ್ರವರಿಯಲ್ಲಿ ಮಾರುತಿ ಉದ್ಯೋಗ್ ಸ್ಥಾಪನೆ; 1982ರ ಅಕ್ಟೋಬರಿನಲ್ಲಿ ಸುಜುಕಿಯೊಡನೆ ಒಪ್ಪಂದ; 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರ ಕೈಯಿಂದ ದೆಹಲಿಯ ಹರ್‌ಪಾಲ್ ಸಿಂಗ್ ಎಂಬವರಿಗೆ ಮೊದಲ ಕಾರಿನ ಕೀಲಿಕೈ. ಲಕ್ಷಕ್ಕೂ ಮೀರಿ ಜನ ಮುಂಗಡ ಹಣ ಕಟ್ಟಿ ಸರತಿ ಕಾದಿದ್ದರು. 1986ರಲ್ಲಿ ಕಾರಿನ ಮೈ ಬದಲಾಯಿತು. 2014ರ ಜನವರಿಯಲ್ಲಿ ತಯಾರಿ ನಿಂತಿತು. ಹರ್‌ಪಾಲ್ ಸಿಂಗರು 2010ರಲ್ಲಿ ತೀರಿಹೋದ ಮೇಲೆ ಆ ಮೊದಲ ಕಾರು ಬಿಸಿಲು ಮಳೆಗೆ ಬಿದ್ದು ಜೀರ್ಣವಾಗಿತ್ತು. ಕಂಪೆನಿಯವರೇ ಅದನ್ನು ಪುನಃ ನೆಟ್ಟಗೆ ಮಾಡಿಸಿ ತಮ್ಮ ಮುಖ್ಯ ಕಚೇರಿಯಲ್ಲಿ ಇರಿಸಿದ್ದಾರೆ. ಮಾರುತಿಗೂ ಜೀರ್ಣೋದ್ಧಾರವುಂಟೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ನಮ್ಮ ಶೆಡ್ಡಿಗೆ ಬಂದ ಕಾರು. ಅದು 1995ರ ಡಿಸೆಂಬರಿನಲ್ಲಿ ನೋಂದಣಿಯಾದ ಬಿಳಿಯ ಮಾರುತಿ. ಕಾರ್ಬುರೇಟರಿನದು, ನಾಲ್ಕು ಗೇರಿನದು. ಒಡತಿ ಕಾರ್ಕಳದ ನಿವೃತ್ತ ಶಾಲಾ ಉಪಾಧ್ಯಾಯಿನಿ. ಅವರ ಯಜಮಾನರು ಕೊಂಡ ಮೊದಲನೆಯ ಹಾಗೂ ಕೊನೆಯ ಕಾರು. ಯಜಮಾನರು ಹೋದ ಮೇಲೆ ಓಡಿಸುವವರಿಲ್ಲದೆ ಅದನ್ನು ಕಾಪುವಿನಲ್ಲಿ ಕಡಲಿಗೆ ಸಮೀಪವಿರುವ ನೆಂಟರ ಅಂಗಳದಲ್ಲಿ ನಿಲ್ಲಿಸಿದ್ದರು. ಅಲ್ಲಿ ನಾಲ್ಕು ಮಳೆಗಾಲ ಕಳೆಯಿತು. ಗುಜರಿಯವನು 18 ಸಾವಿರ ರೂಪಾಯಿಗೆ ಮಾತಾಡಿ ಮುಂಗಡ ಕೊಡಲು ಬಂದ ದಿನವೇ ಟೀಚರು ನಮ್ಮ ಮಾವನಿಗೆ ಹೇಳಿ ಕಳುಹಿಸಿದರು. 2025ರ ಡಿಸೆಂಬರಿಗೆ ನೋಂದಣಿಯ ಅವಧಿ ಮುಗಿಯುವುದಿತ್ತು. ಅಷ್ಟರೊಳಗೆ ಕಾರು ತಪಾಸಣೆಗೆ ನಿಲ್ಲುವಂತಾಗದಿದ್ದರೆ ಕೊಟ್ಟೇಬಿಡುವುದೆಂದು ಮನೆಯಲ್ಲಿ ಮಾತಾಗಿತ್ತು.

ಮಾವ ಕಾರನ್ನು ಒಂದು ಸುತ್ತು ಬಂದು, ಬಾನೆಟ್ಟು ತೆರೆಯಲೇ ಇಲ್ಲ. ಚಾಲಕನ ಬದಿಯ ಮ್ಯಾಟನ್ನು ಎತ್ತಿ, ಸ್ಕ್ರೂಡ್ರೈವರಿನ ತುದಿಯಿಂದ ನೆಲವನ್ನು ಮೆಲ್ಲಗೆ ಒತ್ತಿದರು. ತುದಿ ಸಲೀಸಾಗಿ ಕೆಳಗಿಳಿದು ಅಂಗಳದ ಮಣ್ಣನ್ನು ಮುಟ್ಟಿತು.

"ಎಂಜಿನು ಎಂತ ಆದರೂ ಮಾಡಬಹುದು ಮಾರಾಯ, ಇದೇ ಕಷ್ಟ" ಎಂದರು. ಮಾವ ಆಡಿದುದು ತುಳುವಿನಲ್ಲಿ, ಕನ್ನಡಿಸಿದವನು ನಾನು.

ಇದರ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಲಾರಿಗೆ ಅಡಿಯಲ್ಲಿ ಚಾಸಿಯೆಂಬ ದಪ್ಪ ಉಕ್ಕಿನ ಚೌಕಟ್ಟಿದೆ. ಮೇಲಿನ ಮೈ ಕೊಳೆತರೂ ಚಾಸಿ ಹೊರುತ್ತದೆ. ಮಾರುತಿಯಲ್ಲಿ ಅಂಥ ಪ್ರತ್ಯೇಕ ಚೌಕಟ್ಟಿಲ್ಲ. ತೆಳ್ಳಗಿನ ತಗಡುಗಳನ್ನು ಮಡಿಸಿ, ಒಂದಕ್ಕೊಂದು ಬೆಸೆದು, ಪೆಟ್ಟಿಗೆಯಂತೆ ಮಾಡಿದ ಮೈಯೇ ಅದರ ಬೆನ್ನೆಲುಬು. ಇಡೀ ಕಾರು 650 ಕಿಲೋದ ಆಸುಪಾಸಿನಲ್ಲಿ ನಿಲ್ಲುವುದೂ, ಅಷ್ಟು ಸಣ್ಣ ಎಂಜಿನು ಐದು ಜನರನ್ನು ಎಳೆಯುವುದೂ ಇದರಿಂದಲೇ ಸಾಧ್ಯ. ಆದರೆ ನೆಲವೂ, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡೂ ಕೊಳೆತವೆಂದರೆ ಕೊಳೆತದ್ದು ಅಲಂಕಾರವಲ್ಲ, ಎಲುಬೇ.

ಕಬ್ಬಿಣ ತುಕ್ಕಾಗುವುದಕ್ಕೆ ನೀರೂ ಬೇಕು, ಆಮ್ಲಜನಕವೂ ಬೇಕು. ನೀರಿನಲ್ಲಿ ಉಪ್ಪು ಕರಗಿದ್ದರೆ ಕೆಲಸ ಬಹಳ ಬೇಗ ನಡೆಯುತ್ತದೆ; ಏಕೆಂದರೆ ತುಕ್ಕು ಹಿಡಿಯುವುದೆಂದರೆ ಒಂದು ಬಗೆಯ ಬ್ಯಾಟರಿಯ ಕ್ರಿಯೆ. ತಗಡಿನ ಒಂದು ಜಾಗ ಕರಗುತ್ತದೆ, ಪಕ್ಕದ ಜಾಗ ಆಮ್ಲಜನಕವನ್ನು ಹೀರುತ್ತದೆ, ನಡುವೆ ಉಪ್ಪುನೀರು ವಿದ್ಯುತ್ತನ್ನು ಸಾಗಿಸುತ್ತದೆ. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಾಲು ಹೆಚ್ಚು ಜಾಗ ಹಿಡಿಯುವುದರಿಂದ ಮೇಲಿನ ಬಣ್ಣವನ್ನು ಗುಳ್ಳೆಯಂತೆ ಎಬ್ಬಿಸುತ್ತದೆ. ಗುಳ್ಳೆ ಹೊರಗೆ ಕಂಡಾಗ ಒಳಗಿನ ಕೆಲಸ ಮುಗಿದಿರುತ್ತದೆಂದೇ ತಿಳಿಯಬೇಕು. ಕಡಲ ಗಾಳಿಯಲ್ಲಿ ತೇಲುವ ಉಪ್ಪು ತೀರದಿಂದ ಒಳಕ್ಕೆ ಹೋದಂತೆ ಬೇಗ ಕಡಿಮೆಯಾಗುತ್ತದೆ. ಅದೇ ವಯಸ್ಸಿನ, ಅದೇ ಮಾದರಿಯ ಎರಡು ಕಾರುಗಳಲ್ಲಿ ಘಟ್ಟದ ಬುಡದ ಕಾರ್ಕಳದ್ದು ಗಟ್ಟಿಯಾಗಿರುವುದನ್ನೂ ಕಾಪುವಿನದು ಜರಡಿಯಾಗಿರುವುದನ್ನೂ ಮಾವ ಎಷ್ಟೋ ಸಲ ಕಂಡಿದ್ದಾರಂತೆ. ಮಲ್ಪೆಯಿಂದ ಮೀನು ಹೊರುವ ವಾಹನಗಳ ಪಾಡಂತೂ ಹೇಳತೀರದು; ಮಂಜುಗಡ್ಡೆಯ ಉಪ್ಪುನೀರು ದಿನವೂ ಒಳಗೇ ಸುರಿಯುತ್ತದೆ. ಇದರ ಮೇಲೆ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸಿನ ಮಳೆ. ಇಂಥ ಮಳೆಯಲ್ಲಿಯೂ ಕೊಡಚಾದ್ರಿಯ ಕಬ್ಬಿಣದ ಸ್ತಂಭ ನೂರಾರು ವರ್ಷದಿಂದ ನಿಂತಿದೆಯಲ್ಲಾ ಎಂದು ನಾನು ಇತಿಹಾಸದ ಪಾಂಡಿತ್ಯ ತೋರಿಸಿದೆ. "ಅದಕ್ಕೆ ಮ್ಯಾಟು ಹಾಕಿದ್ದಾರಾ?" ಎಂದು ಕೇಳಿದರು ಮಾವ. ಪ್ರಶ್ನೆ ಹಾಸ್ಯದ್ದಾದರೂ ಸರಿಯಾದದ್ದೇ. ಮ್ಯಾಟಿನಡಿಯ ಫೆಲ್ಟು ಮಳೆಗಾಲದಲ್ಲಿ ಕುಡಿದ ನೀರನ್ನು ದೀಪಾವಳಿಯವರೆಗೆ ಹಿಡಿದಿಡುತ್ತದೆ. ನಮ್ಮ ಕಾರಿನ ನೆಲವನ್ನು ತಿಂದುದು ಅದೇ.

ಕೆಲಸದ ಕ್ರಮ ಹೀಗೆ. ಮೊದಲು ಆಸನಗಳು, ಮ್ಯಾಟು, ಬಾಗಿಲ ಒಳಹಲಗೆಗಳು, ಪೆಟ್ರೋಲ್ ಟ್ಯಾಂಕು ಇವೆಲ್ಲವನ್ನೂ ಬಿಚ್ಚಬೇಕು. ನಟ್ಟು ಬೋಲ್ಟುಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ಹಾಕಿ, ಎಲ್ಲಿಯದು ಎಂಬ ಚೀಟಿ ಅಂಟಿಸುವುದು ನನ್ನ ಪಾಲಿಗೆ ಬಂದ ಕೆಲಸ. ಮಾವನಿಗೆ ಚೀಟಿಯ ಅಗತ್ಯವಿರಲಿಲ್ಲ. ಬೋಲ್ಟನ್ನು ನೋಡಿದರೆ ಜಾಗ ಹೇಳುತ್ತಾರೆ. ನಮ್ಮ ಮನೆಯಿಂದ ಕಾಲೇಜಿಗೆ ಹೋದವನು ನಾನೇ ಮೊದಲಿಗನಾದುದರಿಂದ ನನಗೆ ಬರವಣಿಗೆಯ ಕೆಲಸ ಕೊಡುವುದು ಯೋಗ್ಯವೆಂದು ಅವರಿಗೆ ತೋರಿರಬೇಕು.

ಬಿಚ್ಚಿದಾಗ ಒಂದು ವಿಚಿತ್ರ ಬೆಳಕಿಗೆ ಬಂತು. ಎಡಬದಿಯ ರನ್ನಿಂಗ್ ಬೋರ್ಡು ಹೊರಗಿನಿಂದ ನಯವಾಗಿತ್ತು. ಮಾವ ಬೆರಳ ಗೆಣ್ಣಿನಿಂದ ತಟ್ಟಿದರು. ತಗಡಿನ ಸದ್ದು ಬರಲಿಲ್ಲ, ಮಡಕೆಯ ಸದ್ದು ಬಂತು. ಉಳಿ ಹಾಕಿ ಎಬ್ಬಿಸಿದರೆ ಬೆರಳು ದಪ್ಪದ ಪುಟ್ಟಿ, ಅದರ ಹಿಂದೆ ಮುದ್ದೆ ಮಾಡಿ ತುರುಕಿದ ವೃತ್ತಪತ್ರಿಕೆ. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಯಾರೋ ಮಾಡಿದ ಕೈಚಳಕ. ಪತ್ರಿಕೆಯಲ್ಲಿ 2011ರ ವಿಶ್ವಕಪ್ ಕ್ರಿಕೆಟ್ಟಿನ ಸುದ್ದಿಯಿತ್ತು. ಇತಿಹಾಸದ ವಿದ್ಯಾರ್ಥಿಗೆ ಕಾಲನಿರ್ಣಯಕ್ಕೆ ಇಷ್ಟು ಒಳ್ಳೆಯ ಆಧಾರ ಸಿಗುವುದು ಅಪರೂಪ. ಪುಟ್ಟಿ ಕೆಟ್ಟ ವಸ್ತುವಲ್ಲ. ತಗಡಿನ ಮೇಲೆ ಉಳಿದ ಸಣ್ಣ ಏರುತಗ್ಗನ್ನು ತುಂಬಲು ತೆಳ್ಳಗೆ ಬಳಿಯಬೇಕಾದದ್ದು. ತೂತಿನ ಮೇಲೆ ಬಳಿದರೆ ಹಿಂದಿನಿಂದ ನೀರು ಹಿಡಿದುಕೊಂಡು ತುಕ್ಕನ್ನು ಸಾಕುತ್ತದೆ.

ಕೊಳೆತ ತಗಡನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಆದರೆ ಕತ್ತರಿ ಹಾಕುವ ಮುನ್ನ ಮಾವ ಬಾಗಿಲ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡೂ ಕಡೆ ನೂಲು ಹಿಡಿದು ಅಳೆದು, ಅಳತೆಯನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆಸಿದರು. ಬಾಗಿಲ ಹಾದಿಗೆ ಅಡ್ಡಲಾಗಿ ಒಂದು ಕಬ್ಬಿಣದ ಕೋಲನ್ನು ಬೆಸೆದರು. ರನ್ನಿಂಗ್ ಬೋರ್ಡು ಕತ್ತರಿಸಿದೊಡನೆ ಕಾರಿನ ನಡು ಜಗ್ಗಬಹುದು. ಜಗ್ಗಿದ ಮೇಲೆ ಹೊಸ ತಗಡು ಬೆಸೆದರೆ ಆ ವಕ್ರತೆ ಶಾಶ್ವತ. ಆಮೇಲೆ ಬಾಗಿಲು ಮುಚ್ಚುವುದೂ ಇಲ್ಲ, ಗಾಜು ನಿಲ್ಲುವುದೂ ಇಲ್ಲ. ಹಳೆಯ ಕ್ಯಾಲೆಂಡರಿನ ಕಾಗದದಲ್ಲಿ ತುಂಡಿನ ಆಕಾರ ತೆಗೆದು, ತಗಡಿನ ಮೇಲಿಟ್ಟು ಕತ್ತರಿಸಿ, ಮರಳುಚೀಲದ ಮೇಲೆ ಬಡಿದು ಬಳುಕಿಸಿ ಕೂರಿಸಿದರು. ತೆಳು ತಗಡನ್ನು ಉದ್ದಕ್ಕೆ ಒಂದೇ ಸಮನೆ ಬೆಸೆಯಬಾರದು. ಕಾವಿಗೆ ಹಪ್ಪಳದಂತೆ ಎದ್ದುಬಿಡುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಒದ್ದೆ ಬಟ್ಟೆಯ ತಂಪು. ಒಂದೂವರೆ ಗೇಣು ಉದ್ದದ ಬೆಸುಗೆಗೆ ಒಂದು ಬೆಳಗ್ಗೆ ಹೋಯಿತು. ಬಳಿಕ ಉಪ್ಪುಕಾಗದದಿಂದ ಉಜ್ಜಿ (ಉಪ್ಪೇ ವೈರಿಯಾದ ಊರಿನಲ್ಲಿ ಇದಕ್ಕೆ ಈ ಹೆಸರು!), ರೆಡ್ ಆಕ್ಸೈಡು ಬಳಿದು, ಸಂದುಗಳಿಗೆ ಸೀಲರು ತುಂಬುವುದು.

ಈ ಕೊನೆಯ ಕೆಲಸವನ್ನು ನನಗೆ ಒಪ್ಪಿಸಿ ಮಾವ ಊಟಕ್ಕೆ ಹೋದರು. ನಾನು ಬಹಳ ನಿಷ್ಠೆಯಿಂದ, ಕಂಡ ಕಂಡ ಸಂದಿಗೆಲ್ಲ ಸೀಲರು ತುಂಬಿದೆ. ನೆಲದ ಅಡಿಯಲ್ಲಿಯೂ ಬಾಗಿಲುಗಳ ಕೆಳಂಚಿನಲ್ಲಿಯೂ ಸಣ್ಣ ಸಣ್ಣ ತೂತುಗಳಿದ್ದುವು. ನೀರು ನುಗ್ಗದಿರಲೆಂದು ಅವನ್ನೂ ಮುಚ್ಚಿಬಿಟ್ಟೆ. ಮಾವ ಬಂದು ನೋಡಿ ಕ್ಷಣಕಾಲ ಸುಮ್ಮನೆ ನಿಂತರು. "ನಿಮ್ಮ ಮನೆಯ ಹಂಚಿನ ಮಾಡಿನ ಅಡಿಗೆ ಸಿಮೆಂಟು ತುಂಬಿಸಿದ್ದೀಯಾ?" ಎಂದು ಕೇಳಿದರು. ಅವು ನೀರು ಹೊರಹೋಗುವುದಕ್ಕೆಂದು ಕಾರ್ಖಾನೆಯವರೇ ಬಿಟ್ಟ ತೂತುಗಳು. ಕಾರಿನೊಳಕ್ಕೆ ನೀರು ಹೇಗೂ ಬರುತ್ತದೆ. ಗಾಜಿನ ಅಂಚಿನಿಂದ ಬಾಗಿಲೊಳಕ್ಕೆ, ಒದ್ದೆ ಕೊಡೆಯಿಂದ ನೆಲಕ್ಕೆ. ಬಂದದ್ದು ಇಳಿದು ಹೋಗಿ, ಒಳಗೆ ಗಾಳಿಯಾಡಬೇಕು. ಎಲ್ಲ ತೂತುಗಳನ್ನೂ ಮೊಳೆಯಿಂದ ಒಂದೊಂದಾಗಿ ಬಿಡಿಸುವಷ್ಟರಲ್ಲಿ ನನಗೆ ಸಂಜೆಯಾಯಿತು. ಈ ಲೇಖನದಲ್ಲಿ ಓದುಗರ ಉಪಯೋಗಕ್ಕೆ ಬರತಕ್ಕ ಮಾತು ಒಂದಿದ್ದರೆ ಇದೇ: ಮಳೆಗಾಲಕ್ಕೆ ಮುಂಚೆ ಒಂದು ದಿನ ನಿಮ್ಮ ಕಾರಿನ ಬಾಗಿಲ ಕೆಳಂಚಿನ ತೂತುಗಳಲ್ಲಿ ಕಡ್ಡಿಯಾಡಿಸಿ, ಮ್ಯಾಟನ್ನು ಎತ್ತಿ ಒಣಗಿಸಿ. ಎಣ್ಣೆ ಹೊಡೆಸುವುದು ಆಮೇಲಿನ ಮಾತು. ಎಣ್ಣೆ ತುಕ್ಕನ್ನು ತಡೆಯುವುದು ನಿಜ. ಮೀನಿನ ಎಣ್ಣೆ ಬಿದ್ದ ಹಡಗಿನ ಅಟ್ಟಕ್ಕೆ ತುಕ್ಕು ಹಿಡಿಯದುದನ್ನು ಕಂಡ ರಾಬರ್ಟ್ ಫರ್ಗ್ಯೂಸನ್ ಎಂಬ ಹಡಗಿನ ಕಪ್ತಾನ 1921ರಲ್ಲಿ ಅದರಿಂದಲೇ ಬಣ್ಣದ ಕಂಪೆನಿ ಕಟ್ಟಿದ. ಆದರೆ ನೀರು ನಿಂತ ತಗಡಿನ ಮೇಲೆ ಎಣ್ಣೆ ಹೊಡೆದರೆ ಎಣ್ಣೆಯಡಿಯಲ್ಲಿ ನೀರು ಬೆಚ್ಚಗಿರುತ್ತದೆ, ಅಷ್ಟೆ.

ಎಂಜಿನಿನ ಕತೆ ಚಿಕ್ಕದು. ಪಿಸ್ಟನುಗಳು ಅಂಟಿಕೊಂಡಿದ್ದುವು. ಪ್ಲಗ್ಗು ಬಿಚ್ಚಿ ಎಣ್ಣೆ ಬಿಟ್ಟು ಮೂರು ದಿನ ಕಾದೆವು. ನಾಲ್ಕನೆಯ ದಿನ ಸಡಿಲಾಯಿತು. ಟೈಮಿಂಗ್ ಬೆಲ್ಟು, ಕಾರ್ಬುರೇಟರಿನ ವಾಷರುಗಳು, ಬ್ರೇಕಿನ ರಬ್ಬರುಗಳು ಹೊಸವಾದುವು. ಇದೇ ಕುಲದ ಎಂಜಿನು 2019ರವರೆಗೆ ಓಮ್ನಿ ವ್ಯಾನಿನಲ್ಲಿ ಬರುತ್ತಿದ್ದುದರಿಂದ ಬಿಡಿಭಾಗಗಳಿಗೆ ಅಷ್ಟು ತಾಪತ್ರಯವಾಗಲಿಲ್ಲ. ಗಾಜಿನ ಸುತ್ತಲಿನ ರಬ್ಬರಿಗಾಗಿ ಮಾತ್ರ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೇಳಿ ಕಳುಹಿಸಬೇಕಾಯಿತು. ಸಿಲಿಂಡರ್ ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಲವು ಸುತ್ತುಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕೆಂದು ಇಂಗ್ಲೀಷು ಕೈಪಿಡಿಯಿಂದ ನಾನು ಓದಿ ಹೇಳಿದೆ. ಮಾವ ಆಗಲೇ ಹಾಗೆಯೇ ಬಿಗಿಯುತ್ತಿದ್ದರು. ಯಾರು ಕಲಿಸಿದರೆಂದು ಕೇಳಿದರೆ, ಹಾಗೆ ಮಾಡದೆ ಎರಡು ಹೆಡ್ಡು ಬಾಗಿಸಿದ ಮೇಲೆ ತಾನೇ ಕಲಿತೆನೆಂದರು.

ಆಗಸ್ಟಿನಲ್ಲಿ ಟೀಚರ ಮೊಮ್ಮಗ ಶೆಡ್ಡಿಗೆ ಬಂದ. ಅವನು ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವವನು, ನನ್ನದೇ ಪ್ರಾಯ. ಜಪಾನಿನ ಮಾರ್ಪಡಿಸಿದ ಕಾರುಗಳ ಚಿತ್ರಗಳನ್ನು ರಾಶಿ ತಂದಿದ್ದ. ಎಸ್ಟೀಮ್ ಕಾರಿನ 1.3 ಲೀಟರ್ ಎಂಜಿನು ಹಾಕಬೇಕು, ಸ್ಪ್ರಿಂಗು ಕತ್ತರಿಸಿ ಮೈ ತಗ್ಗಿಸಬೇಕು, 12 ಅಂಗುಲದ ಚಕ್ರ ತೆಗೆದು ಅಗಲದ್ದು ಹಾಕಬೇಕು, ಕಡುನೀಲಿ ಬಣ್ಣ ಬಳಿಯಬೇಕು ಎಂದು ಅವನ ಪಟ್ಟಿ. ಅವನನ್ನು ನಾನು ಮೊದಲು ಲಘುವಾಗಿ ಕಂಡೆ, ಅದು ತಪ್ಪು. ಬ್ರೇಕು, ಸ್ಟೇರಿಂಗು, ತೂಕದ ಹಂಚಿಕೆ ಎಲ್ಲವನ್ನೂ ಲೆಕ್ಕ ಹಾಕಿ ಬಂದಿದ್ದ. ಅವನ ವಾದವೂ ಬಲವಾದದ್ದೇ. ಜಪಾನಿನಲ್ಲಿ ಹಳೆಯ ಕಾರು ಉಳಿದುದು ಅದನ್ನು ಮುಟ್ಟಿ ತಿದ್ದುವ ಯುವಕರಿಂದ. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಕಾರು ಬೊಂಬೆಯಾಗುತ್ತದೆ. ಅಜ್ಜ ಇದ್ದಿದ್ದರೆ ತನ್ನನ್ನು ತಡೆಯುತ್ತಿರಲಿಲ್ಲ ಎಂದ.

ಟೀಚರು ಮಾತ್ರ ಒಂದೇ ಮಾತು ಹೇಳಿದರು: "ಅವರು ಕೂತರೆ ಗುರುತು ಸಿಗಬೇಕು, ಮಗಾ."

ಇಲ್ಲಿ ಕಾನೂನನ್ನೂ ಹೇಳಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಬಣ್ಣ ಬದಲಿಸಿದರೆ ನೋಂದಣಿ ಪತ್ರದಲ್ಲಿ ನಮೂದಾಗಬೇಕು. ಎಂಜಿನು ಬದಲಿಸಲು ಮುಂಚಿತವಾಗಿ ಅನುಮತಿ ಬೇಕು. 2021ರ ಜುಲೈಯಲ್ಲಿ ಬಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದ ವಾಹನಗಳಿಗೆ 20,000 ರೂಪಾಯಿ ಶುಲ್ಕದ ಮೇಲೆ 'ವಿಎ' ಅಕ್ಷರಗಳಿರುವ ವಿಶೇಷ ಸಂಖ್ಯೆ ದೊರೆಯುತ್ತದೆ. ಹರ್‌ಪಾಲ್ ಸಿಂಗರ ಮೊದಲ ಮಾರುತಿಗೂ ಆ ವಯಸ್ಸು ತುಂಬುವುದು 2033ರಲ್ಲಿ. ಅಲ್ಲಿಯವರೆಗೆ ಮಾರುತಿಯು ಕಾನೂನಿನ ಕಣ್ಣಿನಲ್ಲಿ ಪುರಾತನವಲ್ಲ, ಬರೇ ಹಳತು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದುದು 2022ರ ಏಪ್ರಿಲಿನಿಂದ 5,000 ಆಯಿತು. 20 ವರ್ಷ ದಾಟಿದವುಗಳಿಗೆ 2025ರ ಆಗಸ್ಟಿನಲ್ಲಿ 10,000 ಆಯಿತು. ಇದರ ಜೊತೆಗೆ ಹಸಿರು ತೆರಿಗೆ ಬೇರೆ. ಗುಜರಿಯಲ್ಲಿ 18 ಸಾವಿರ ಬಾಳುವ ಕಾರಿಗೆ ಇಷ್ಟು ಕಟ್ಟುವವರು ಎಷ್ಟು ಮಂದಿ? ಹಳೆಯ ವಾಹನಗಳ ಹೊಗೆಯೂ ಅಪಾಯವೂ ಸುಳ್ಳಲ್ಲ. ಆದರೆ ಬಹುಪಾಲು ಮಾರುತಿಗಳು 50ನ್ನು ಮುಟ್ಟುವ ಮೊದಲೇ ಕರಗಿಹೋಗುವುವೆಂಬುದೂ ಅಷ್ಟೇ ನಿಜ. ಜಪಾನಿನಲ್ಲಿಯೂ 13 ವರ್ಷ ದಾಟಿದ ಕಾರಿಗೆ ಹೆಚ್ಚು ತೆರಿಗೆಯುಂಟು, ಎರಡು ವರ್ಷಕ್ಕೊಮ್ಮೆ 'ಷಾಕೆನ್' ಎಂಬ ಕಟ್ಟುನಿಟ್ಟಿನ ತಪಾಸಣೆಯುಂಟು. ಜೊತೆಗೇ ತಯಾರಕರು ಒಂದು ಕೈ ನೀಡುತ್ತಾರೆ. ತನ್ನ ಮೊದಲ ತಲೆಮಾರಿನ ರೋಡ್‌ಸ್ಟರುಗಳನ್ನು ತಾನೇ ಜೀರ್ಣೋದ್ಧಾರ ಮಾಡಿಕೊಡುವ ವ್ಯವಸ್ಥೆಯನ್ನು ಮಾಜ್ದಾ 2017ರಲ್ಲಿ ಪ್ರಕಟಿಸಿತು. ಅದೇ ವರ್ಷ ನಿಸ್ಸಾನ್ ತನ್ನ ಹಳೆಯ ಸ್ಕೈಲೈನಿನ ಬಿಡಿಭಾಗಗಳನ್ನು, 2020ರಲ್ಲಿ ಟೊಯೊಟಾ ತನ್ನ 2000 ಜಿ.ಟಿ.ಯ ಬಿಡಿಭಾಗಗಳನ್ನು ಹೊಸದಾಗಿ ಮಾಡಿ ಮಾರತೊಡಗಿದುವು. ನಮ್ಮಲ್ಲಿ ಆ ಕೆಲಸ ಮಾಡುವವರು ಸದ್ಯಕ್ಕೆ ನನ್ನ ಮಾವನಂಥವರೇ.

ಮೊಮ್ಮಗನಿಗೂ ಟೀಚರಿಗೂ ನಡುವೆ ರಾಜಿ ಹೇಗೆಂದು ಯೋಚಿಸುವಾಗ ನನಗೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ನೆನಪಾಯಿತು. ತರಗತಿಯ ಪ್ರವಾಸದಲ್ಲಿ ನೋಡಿದ್ದೆ. ವಿಜಯನಾಥ ಶೆಣೈಯವರು ಕೆಡವಲು ಹೊರಟ ಹಳೆಯ ಮನೆಗಳನ್ನು ಬಿಚ್ಚಿ, ತಂದು, ಮೊದಲಿನಂತೆ ಜೋಡಿಸಿದ ಜಾಗ ಅದು; ಹರ್ಕೂರಿನ ಒಳಗಿನ ಮನೆ ಈಗ ಅಲ್ಲಿದೆ. ಇತ್ತ ಕಾಪುವಿನ ಹೊಸ ಮಾರಿಗುಡಿ ಕೆಂಪು ಕಲ್ಲಿನಲ್ಲಿ ಪೂರ್ತಿ ಹೊಸತಾಗಿ ಎದ್ದು, 2025ರ ಮಾರ್ಚಿನಲ್ಲಿ ಬ್ರಹ್ಮಕಲಶ ಕಂಡಿತು. ಕಾರ್ಕಳದ ಚತುರ್ಮುಖ ಬಸದಿ 1586ರ ಕಲ್ಲಿನಲ್ಲಿಯೇ ನಿಂತಿದೆ. ದೇವಸ್ಥಾನದಲ್ಲಿ ದೇವರ ಸಾನ್ನಿಧ್ಯ ಮುಖ್ಯ. ಕಲ್ಲು ಹೊಸದಾದರೆ ಭಕ್ತರಿಗೆ ಕೊರತೆಯಿಲ್ಲ. ಕಾರಿನಲ್ಲಿ ಸಾನ್ನಿಧ್ಯವಿರುವುದು ಎಲ್ಲಿ? ನಾವು ನೆಲ ಬದಲಿಸಿದೆವು, ರಬ್ಬರು ಬದಲಿಸಿದೆವು. ಅದು ಮಾರ್ಪಾಡಲ್ಲವೆ ಎಂದು ಮೊಮ್ಮಗ ಕೇಳಿದಾಗ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಆಲೋಚಿಸಿ ನಾನು ತಲುಪಿದ ನಿಲುವು ಇಷ್ಟು: ಕೊಳೆತದ್ದನ್ನು ಅದೇ ಆಕಾರದಲ್ಲಿ ತುಂಬಿಕೊಟ್ಟರೆ ಅದು ಜೀರ್ಣೋದ್ಧಾರ. ಗಟ್ಟಿಯಿರುವುದನ್ನು ಕತ್ತರಿಸಿ ಬೇರೆಯದನ್ನು ಕೂರಿಸಿದರೆ ಮಾರ್ಪಾಡು. ಮಾರ್ಪಾಡಿನಲ್ಲಿಯೂ ಎರಡು ಬಗೆ. ನಾಳೆ ಬಿಚ್ಚಿ ತೆಗೆಯಬಹುದಾದುದು, ತೆಗೆಯಲಾಗದುದು. ಮೊದಲನೆಯದರ ಬಗ್ಗೆ ನನಗೆ ತಕರಾರಿಲ್ಲ. ಹೆಡ್‌ಲೈಟಿನ ಬೆಳಕು ಮಂಕಾಗಿತ್ತು; ಮೊಮ್ಮಗ ತಾನೇ ಕುಳಿತು ರಿಲೇ ಹಾಕಿ ಹೊಸ ತಂತಿ ಎಳೆದ. ಹಳೆಯ ತಂತಿಯ ಒಂದು ಎಳೆಯನ್ನೂ ಕತ್ತರಿಸಲಿಲ್ಲ. ಬ್ಯಾಟರಿಯ ತಟ್ಟೆಯನ್ನೂ ಅವನೇ ಅಳೆದು ಮಾಡಿಸಿದ. ಎಸ್ಟೀಮ್ ಎಂಜಿನಿನ ಮಾತು ಆಮೇಲೆ ಬರಲಿಲ್ಲ. ಅವನು ಒಪ್ಪಿ ಬಿಟ್ಟನೋ, ಖರ್ಚಿನ ಲೆಕ್ಕ ನೋಡಿ ಬಿಟ್ಟನೋ ನಾನು ಕೇಳಲಿಲ್ಲ.

ನವೆಂಬರಿನಲ್ಲಿ ಬಿಳಿ ಬಣ್ಣವಾಗಿ ಕಾರು ತಪಾಸಣೆಗೆ ಹೋಯಿತು. ಬ್ರೇಕು, ದೀಪ, ಹೊಗೆ ಎಲ್ಲವೂ ಸರಿಯೆನಿಸಿತು. ಕೊನೆಗೆ ಇನ್‌ಸ್ಪೆಕ್ಟರು ಬಾನೆಟ್ಟು ಎತ್ತಿಸಿ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆಯಲು ಹೇಳಿದರು. ಎಂಜಿನಿನ ಹಿಂದಿನ ಗೋಡೆಯಲ್ಲಿ ಕೊರೆದ ಅಂಕೆಗಳ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಬೇಕು. ಉಜ್ಜಿದರೆ ಕಾಗದದ ಮೇಲೆ ಬರೇ ಕಪ್ಪು. ನಾನು ಆ ಜಾಗಕ್ಕೂ ಎರಡು ಕೈ ರೆಡ್ ಆಕ್ಸೈಡು ಬಳಿದಿದ್ದೆ. ಅದರ ಮೇಲೆ ಬಣ್ಣ ಬಿದ್ದು ಅಂಕೆಗಳು ತುಂಬಿಹೋಗಿದ್ದುವು. ಆರು ತಿಂಗಳ ಕೆಲಸ ನನ್ನ ಒಂದು ಅಂಗೈಯಗಲದ ಅಜಾಗರೂಕತೆಯಿಂದ ನಿಂತಿತು. ಅಂಕೆ ಕಾಣದಿದ್ದರೆ ಕಾರು ಯಾರದೆಂದು ಹೇಳುವ ಆಧಾರವೇ ಇಲ್ಲ. ಶುಚಿ ಮಾಡಿ ಮುಂದಿನ ವಾರ ತನ್ನಿ ಎಂದು ಅವರು ಸಮಾಧಾನದಿಂದಲೇ ಹೇಳಿದರು. ಟೀಚರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಬಾರಕೂರಿನ ಶಾಸನಗಳ ಪಾಠ ಮಾಡುವಾಗ ನಮ್ಮ ಗುರುಗಳು ಅಚ್ಚು ತೆಗೆಯುವ ವಿಧಾನವನ್ನು ಹೇಳಿದ್ದರು. ಕಲ್ಲನ್ನು ತೊಳೆಯುವುದೇ ಮುಕ್ಕಾಲು ಕೆಲಸ. ಲೋಹದ ಸಾಧನ ಮುಟ್ಟಿಸಿದರೆ ಅಕ್ಷರ ಹಾಳು. ಮಾವ ಉಪ್ಪುಕಾಗದ ಎತ್ತಿಕೊಂಡಾಗ ನಾನು ಬೇಡವೆಂದೆ. ಅವರ ಕೆಲಸದಲ್ಲಿ ನಾನು ಬೇಡವೆಂದುದು ಅದೇ ಮೊದಲು. ಥಿನ್ನರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಅಲ್ಲಿ ಒತ್ತಿ ಹಿಡಿದು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೆಲ್ಲಗೆ ತಿಕ್ಕಿ, ಪುನಃ ಬಟ್ಟೆ, ಪುನಃ ಬ್ರಶ್ಶು. ಬಿಳಿ ಹೋಗಿ ಕೆಂಪು ಬಂತು. ಕೆಂಪು ಹೋಗಿ ತಗಡು ಕಂಡಿತು. ಕಾಗದವಿಟ್ಟು ಪೆನ್ಸಿಲು ಆಡಿಸಿದಾಗ ಕರಿಯ ನಡುವೆ ಬಿಳಿಯ ಗೆರೆಗಳಾಗಿ ಅಂಕೆಗಳು ಒಂದೊಂದೇ ಮೂಡಿದುವು. ಒಂದು ಅಂಕೆಯ ಬಾಲ ತುಸು ಮಸುಕು, ಮಿಕ್ಕೆಲ್ಲ ಸ್ಪಷ್ಟ.

ಟೀಚರು ಕನ್ನಡಕ ಹಾಕಿಕೊಂಡು, ಯಜಮಾನರ ಹಳೆಯ ಆರ್.ಸಿ. ಪುಸ್ತಕವನ್ನು ಪಕ್ಕದಲ್ಲಿ ಹಿಡಿದು, ಬೆರಳಿಟ್ಟು ಒಂದೊಂದನ್ನೇ ಗಟ್ಟಿಯಾಗಿ ಓದಿ ಸರಿನೋಡಿದರು. ಮುಂದಿನ ವಾರ ಕಾರು ತಪಾಸಣೆ ದಾಟಿತು. ಆ ಪೆನ್ಸಿಲ್ ಅಚ್ಚಿನ ಮೊದಲ ಪ್ರತಿ ಕಚೇರಿಯ ಕಡತದಲ್ಲಿದೆ. ಎರಡನೆಯದನ್ನು ಮಾವ ಶೆಡ್ಡಿನ ಗೋಡೆಯಲ್ಲಿ, ಬಾಗಿಲ ಅಳತೆ ಬರೆದ ಜಾಗದ ಪಕ್ಕ ಅಂಟಿಸಿದ್ದಾರೆ.